ಹಂಡೆಯ ಮೇಲಿನ ಬಳ್ಳಿ

ಮಲ್ಲೇಶ ಮಾಸ್ತರನನ್ನು ನಾನು ಮೊದಲು ನೋಡಿದ್ದು ಏಣಿಯ ಮೇಲೆ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ಅವನು ಮಾಸ್ತರನಾಗಿರಲಿಲ್ಲ, ಸಿರವಾರದಲ್ಲಿ ಬೋರ್ಡು ಬರೆಯುವ ಪೇಂಟರ್. ಮಾನ್ವಿ ಬಸ್ ನಿಲ್ದಾಣದ ಹಿಂದೆ ನಾನು ಪ್ರೆಸ್ ಹಾಕಿದಾಗ ‘ಕಲೀಮುಲ್ಲಾ ಪ್ರಿಂಟರ್ಸ್’ ಎಂದು ಬರೆಯಲು ಅವನನ್ನು ಕರೆಸಿದ್ದೆ. ಎರಡೇ ಎರಡು ಪದ. ಬೆಳಿಗ್ಗೆ ಏಣಿ ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಾದರೂ ಇಳಿಯಲಿಲ್ಲ. ಅಕ್ಷರ ಮುಗಿಸಿ, ಅಂಚಿನ ಸುತ್ತ ಒಂದು ಬಳ್ಳಿ ಬಿಡಿಸುತ್ತ ನಿಂತಿದ್ದ. ನಾನು ಬಳ್ಳಿ ಕೇಳಿರಲಿಲ್ಲ. ಕೇಳದ್ದನ್ನು ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಕೆಳಗಿನಿಂದ ಕೂಗಿದೆ. ಅವನು ಕುಂಚ ಎತ್ತದೆ, “ಬಳ್ಳಿ ಇಲ್ಲದ ಬೋರ್ಡು ಬೋಳು ಕಾಣ್ತದರಿ ಸಾಹೇಬ್ರ” ಎಂದ. ಬಳ್ಳಿ ಚೆನ್ನಾಗಿತ್ತು, ಅದಕ್ಕೆ ಸುಮ್ಮನಾದೆ.

ಆ ಬಳ್ಳಿಯೇ ಅವನ ಸಹಿ. ಸಿರವಾರದ ಅಕ್ಕಿ ಗಿರಣಿಗಳ ಮೇಲೆ, ಪೋತ್ನಾಳದ ಕಿರಾಣಿ ಅಂಗಡಿಗಳ ಮೇಲೆ, ಟ್ರ್ಯಾಕ್ಟರ್ ಟ್ರಾಲಿಗಳ ಬೆನ್ನ ಮೇಲೆ ಅದು ಹಬ್ಬಿತ್ತು. ಉದ್ದ ಗೆರೆ, ಮೇಲೊಂದು ಬಾಗು, ಕೆಳಗೊಂದು ಹೊಟ್ಟೆ, ನಡುನಡುವೆ ಚುಕ್ಕೆ. ಎಲ್ಲಿ ಕಲಿತೆಯೋ ಎಂದು ಒಮ್ಮೆ ಕೇಳಿದ್ದೆ. ಮಸರಕಲ್ಲಿನ ತನ್ನ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇದೆ, ಅದರ ಕೊರಳಿನ ಸುತ್ತ ಈ ಬಳ್ಳಿ ಕೆತ್ತಿದ್ದಾರೆ, ಚಿಕ್ಕಂದಿನಲ್ಲಿ ಇದ್ದಿಲು ಹಿಡಿದು ಅದನ್ನೇ ತಿದ್ದಿ ತಿದ್ದಿ ಚಿತ್ರ ಕಲಿತೆ ಎಂದ. ನೀರು ತುಂಬುವ ಹಬ್ಬಕ್ಕೆ ಹಂಡೆಯ ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟುತ್ತಾರಲ್ಲ, ಅದನ್ನೇ ಯಾರೋ ಕುಶಲಕರ್ಮಿ ಶಾಶ್ವತವಾಗಿ ಕೆತ್ತಿದ್ದಾನೆ ಎಂದು ಅವನ ನಂಬಿಕೆ. ನನಗೂ ಹಾಗೇ ಅನ್ನಿಸಿತು.

ಫ್ಲೆಕ್ಸ್ ಬಂದು ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆಯುವ ಹೊತ್ತಿಗೆ ಮಲ್ಲೇಶ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಪೋತ್ನಾಳದ ಆಚೆ ಒಂದು ಸರ್ಕಾರಿ ಪ್ರೌಢಶಾಲೆಗೆ ಡ್ರಾಯಿಂಗ್ ಮಾಸ್ತರನಾಗಿ ಸೇರಿದ್ದ. ಆ ಶಾಲೆಯಲ್ಲಿ ಸಮಾಜ ವಿಜ್ಞಾನದ ಹುದ್ದೆ ಖಾಲಿ ಬಿದ್ದು ವರ್ಷಗಳೇ ಆಗಿದ್ದವು. ಹೆಡ್‌ಮಾಸ್ತರ ಸಂಜೀವ ಅವರು ಒಂದು ದಿನ ಇತಿಹಾಸದ ಪುಸ್ತಕವನ್ನು ಇವನ ಮೇಜಿನ ಮೇಲಿಟ್ಟು, “ನಿಮಗ ಪಿರಿಯಡ್ ಕಡಿಮಿ ಅದಾವಲ್ರಿ” ಎಂದು ಹೇಳಿ ಹೋದರು. ಡ್ರಾಯಿಂಗ್ ಮಾಸ್ತರನಿಗೆ ಇತಿಹಾಸ ಕೊಟ್ಟರೆ ಏನಾಗುತ್ತದೆ ಎಂದು ಅವರು ಯೋಚಿಸಲಿಲ್ಲ.

ಎರಡು ವರ್ಷದ ಹಿಂದೆ ಅವನು ಹೈದರಾಬಾದ್ ವಿಲೀನದ ಪಾಠಕ್ಕೆ ಬಂದ. ನಮ್ಮ ರಾಯಚೂರು, ಮಾನ್ವಿ, ದೇವದುರ್ಗವೆಲ್ಲ ನಿಜಾಮರ ಕೈಯಲ್ಲಿದ್ದುದು, ರಜಾಕಾರರೆಂಬ ಸಮವಸ್ತ್ರದ ಪಡೆ ಊರೂರು ಕಾಡಿದ್ದು, ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಅದನ್ನೆಲ್ಲ ಮುಗಿಸಿದ್ದು, ಇಷ್ಟಕ್ಕೂ ಪುಸ್ತಕದಲ್ಲಿ ಒಂದೆರಡು ಪ್ಯಾರಾ. ಮಲ್ಲೇಶ ಮಕ್ಕಳಿಗೆ, ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಕಳಿಸಿದ. ಕೇಳಿಕೊಂಡು ಬಂದವು. ಮರುದಿನ ಒಂಬತ್ತನೇ ತರಗತಿಯಲ್ಲಿ ಶಾಕಿರ್ ಎಂಬುವನ ಅಂಗಿಯ ಗುಂಡಿ ಕಿತ್ತಿತ್ತು, ಅವನನ್ನು ಹೊಡೆದವನ ತುಟಿ ಒಡೆದಿತ್ತು. ಒಬ್ಬನ ಮುತ್ಯಾನ ಬಣವೆಗೆ ರಜಾಕಾರರು ಬೆಂಕಿ ಇಟ್ಟಿದ್ದರು. ಇನ್ನೊಬ್ಬನ ಮುತ್ಯಾನ ಮನೆಯನ್ನು ಸೈನ್ಯ ಬಂದ ಮೂರನೇ ದಿನ ಊರವರೇ ಸುಟ್ಟಿದ್ದರು. ಇಬ್ಬರೂ ಇನ್ನೊಬ್ಬನದು ಸುಳ್ಳು ಎನ್ನುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಇಬ್ಬರಿಗೂ ನಾಲ್ಕು ಬಾರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ನಾನಾಗಿದ್ದರೆ ಖಂಡಿತ ಹೋಗುತ್ತಿದ್ದೆ. ಮಲ್ಲೇಶ ಬೋರ್ಡಿನ ಮೇಲೆ ಎರಡು ಚೌಕ ಹಾಕಿದ, ಒಂದರ ಪಕ್ಕ ಒಂದು. ಇದರಲ್ಲಿ ನೀನು ಬಿಡಿಸು, ಅದರಲ್ಲಿ ಅವನು ಬಿಡಿಸಲಿ ಎಂದ. ಆಮೇಲೆ ಮೂರು ನಿಯಮ ಬರೆಸಿದ. ಕೇಳಿದ್ದನ್ನೇ ಬಿಡಿಸಬೇಕು. ಚೌಕದ ಕೆಳಗೆ ಹೇಳಿದವರ ಹೆಸರು ಹಾಕಬೇಕು. ಯಾರೂ ಹೇಳದ್ದನ್ನು ಊಹಿಸದೆ ಚೌಕ ಖಾಲಿ ಬಿಡಬೇಕು. ಹೀಗೆ ಶುರುವಾದದ್ದು ನಲವತ್ತೆಂಟು ಪುಟವಾಗಿ ನನ್ನ ಪ್ರೆಸ್ಸಿಗೆ ಬಂತು. ಅದಕ್ಕೆ ಗ್ರಾಫಿಕ್ ಕಾದಂಬರಿ ಎನ್ನುತ್ತಾರಂತೆ. ನಾನು ಕಾರ್ಟೂನ್ ಪುಸ್ತಕ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಆದ್ದರಿಂದ ಹಾಗೇ ಅನ್ನುತ್ತಿದ್ದೆ. ಮಕ್ಕಳು ಇಟ್ಟ ಹೆಸರು ‘ಅವರು ಹೇಳಿದ್ದು, ಇವರು ಹೇಳಿದ್ದು’. ಸೆಪ್ಟೆಂಬರ್ ಹದಿನೇಳಕ್ಕೆ, ಶಾಲೆಯಲ್ಲಿ ಧ್ವಜ ಹಾರಿಸುವ ದಿನ, ಅದು ಮಕ್ಕಳ ಕೈಗೆ ಬರಬೇಕಿತ್ತು.

ಮುದ್ರಿಸುವವನು ಓದಬಾರದು ಎಂಬುದು ನನ್ನ ದಂಧೆಯ ನೀತಿ. ಮದುವೆ ಕಾರ್ಡು ಓದುತ್ತ ಕುಳಿತರೆ ಮದುವೆ ಮುಗಿದುಹೋಗುತ್ತದೆ. ಆದರೆ ಇದನ್ನು ಓದಿದೆ. ನಮ್ಮ ಮನೆ ರಾಯಚೂರಿನದು. ಅಮ್ಮಿ ಈಗಲೂ ಕೋಟೆಯೊಳಗಿನ ಅಂದ್ರೂನ್ ಖಿಲ್ಲಾದಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಆ ಸೆಪ್ಟೆಂಬರಿನಲ್ಲಿ, ಹತ್ತು ವರ್ಷದವಳಿದ್ದಾಗ, ಹಳ್ಳಿಯಿಂದ ಒಂದು ಗಂಟು ಹೊತ್ತು ನಡೆದು ರಾಯಚೂರಿಗೆ ಬಂದವಳು ಅವಳು. ಅವಳ ಅಪ್ಪ, ನನ್ನ ನಾನಾ, ಹಳ್ಳಿಯಲ್ಲೇ ಉಳಿದರು, ಮತ್ತೆ ಬರಲಿಲ್ಲ. ಅವರದೊಂದು ಫೋಟೋ ನಮ್ಮ ಮನೆಯಲ್ಲಿದೆ. ಮುಖ ಮಾತ್ರ ಇದೆ. ಕುತ್ತಿಗೆಯಿಂದ ಕೆಳಗೆ ಯಾರೋ ಕತ್ತರಿಸಿದ್ದಾರೆ. ಮಲ್ಲೇಶನ ಮಕ್ಕಳ ಚೌಕಗಳನ್ನು ನೋಡುತ್ತ ನನಗೊಂದು ವಿಷಯ ಹೊಳೆಯಿತು. ಅವರ ಮನೆಗಳಲ್ಲಿ ಕಥೆ ಸೆಪ್ಟೆಂಬರಿಗೆ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಸೆಪ್ಟೆಂಬರಿಗೆ ಶುರುವಾಗುತ್ತದೆ.

ಮಲ್ಲೇಶ ತನ್ನ ಮನೆಯ ಕಥೆಗೂ ನಾಲ್ಕು ಪುಟ ಇಟ್ಟಿದ್ದ. ಹೇಳಿದವರು ಅವನ ಅಜ್ಜಿ ಚನ್ನಮಲ್ಲಮ್ಮ, ಎಂಬತ್ತಮೂರು ವರ್ಷದವಳು, ಈಗ ಮಸರಕಲ್ಲಿನಲ್ಲಿ ಇವನ ಅಣ್ಣನ ಮನೆಯಲ್ಲಿರುವವಳು. ಅವಳ ತವರು ಹೊಳೆದಂಡೆಯ ಒಂದು ಊರು. ಅದರ ಹೆಸರು ಪುಸ್ತಕದಲ್ಲೂ ಇಲ್ಲ, ಇಲ್ಲೂ ಬೇಡ. ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ರಜಾಕಾರರು ಊರಿಗೆ ನುಗ್ಗಿದರು. ಗಂಡಸರು ಜೋಳದ ಹೊಲಗಳಿಗೆ ಓಡಿದ್ದರು. ಸಿಕ್ಕಿಬಿದ್ದ ಚಿಕ್ಕಪ್ಪನನ್ನು ಕಟ್ಟೆಯ ಮೇಲೆ ಹಾಕಿ ಹೊಡೆದರು, ಅವನು ಮತ್ತೆ ನೆಟ್ಟಗೆ ನಡೆಯಲಿಲ್ಲ. ಮನೆಮನೆ ಹುಡುಕಿದರು. ಚನ್ನಮಲ್ಲಮ್ಮ ಬಚ್ಚಲಿನಲ್ಲಿ ಹಂಡೆಯ ಹಿಂದೆ ಮುಖಕ್ಕೆ ಬೂದಿ ಬಳಿದುಕೊಂಡು ಸಂಜೆಯವರೆಗೆ ಕುಳಿತಿದ್ದಳು. ಮಲ್ಲೇಶ ಮಸರಕಲ್ಲಿಗೆ ಹೋಗಿ ಆ ಹಂಡೆಯ ಫೋಟೋ ತೆಗೆದುಕೊಂಡು ಬಂದು ಇಡೀ ಒಂದು ಪುಟಕ್ಕೆ ಅದನ್ನು ಬಿಡಿಸಿದ್ದ. ಕತ್ತಲಲ್ಲಿ ಹೊಳೆಯುವ ಹಂಡೆ, ಅದರ ಪಕ್ಕದಿಂದ ಇಣುಕುವ ಎರಡು ಕಣ್ಣು. ಅವನ ಜೀವಮಾನದ ಚಿತ್ರ ಅದು. ಅದರ ಮುಂದಿನ ಪುಟದಲ್ಲಿ ಸೆಪ್ಟೆಂಬರ್, ಒಂದೇ ಚೌಕ, ಬರಿದಾದ ಓಣಿ. ಮೇಲೆ ‘ಹೊರಗಿನವರು ಬಂದರು. ಸಾಬರ ನಾಲ್ಕು ಮನೆಯವರು ಊರು ಬಿಟ್ಟು ಹೋದರು’ ಎಂದಿತ್ತು.

ಈ ಪುಟಗಳನ್ನು ತರಗತಿಯಲ್ಲಿ ತೋರಿಸಿದಾಗ ಸ್ವಪ್ನಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳಂತೆ, “ಸರ್, ಎಲ್ಲಾ ಮನಿ ಹುಡುಕಿದ್ರು ಅಂತೀರಿ. ಮತ್ತ ಆ ಬಚ್ಚಲ ಯಾಕ ನೋಡ್ಲಿಲ್ಲ?”

ಮಲ್ಲೇಶ “ನಮ್ಮ ಅಜ್ಜಿ ಪುಣ್ಯ” ಎಂದು ಹೇಳಿ ಕೂರಿಸಿದ. ನನ್ನ ಮುಂದೆ ಇದನ್ನು ಹೇಳಿಕೊಂಡು ನಕ್ಕಿದ್ದ, ಹುಡುಗಿ ವಕೀಲಿಕೆಗೆ ಹೋಗುತ್ತಾಳೆ ಎಂದು.

ಆಗಸ್ಟಿನ ಕೊನೆಯ ವಾರ ಪ್ರೂಫ್ ತೆಗೆದೆ. ಹಂಡೆಯ ಪುಟವನ್ನು ಬೆಳಕಿಗೆ ಹಿಡಿದೆ, ಮಸಿ ಎಲ್ಲಾದರೂ ಒಡೆದಿದೆಯೇ ನೋಡಲು. ಬೋರ್ಡುಗಳ ಮೇಲೆ ಅವನು ಬಳ್ಳಿಯನ್ನು ತಿರುಗಿಸಿ, ಎಲೆ ಅಂಟಿಸಿ, ತುಂಡು ಮಾಡಿ ಬರೆಯುತ್ತಿದ್ದ. ಇಲ್ಲಿ ಹಂಡೆಯ ಮೇಲೆ ಇದ್ದದ್ದು ಇದ್ದಹಾಗೆ, ಬಲದಿಂದ ಎಡಕ್ಕೆ, ಒಂದು ಚುಕ್ಕೆ ತಪ್ಪದೆ ಬಿಡಿಸಿದ್ದ. ನಾನು ಮದರಸಾದಲ್ಲಿ ಉರ್ದು ಕಲಿತವನು. ಕಣ್ಣು ತಾನಾಗಿ ಓದಿತು. ‘ರಂಜಾನ್ ಬೀ, ಜೌಜೆ ಹುಸೇನ್ ಪೀರ್, ಸನ್ ೧೩೫೩ ಫಸಲಿ.’

ಜೌಜೆ ಅಂದರೆ ಹೆಂಡತಿ. ಫಸಲಿ ಅಂದರೆ ನಿಜಾಮರ ಕಾಲದ ಲೆಕ್ಕ. ಐನೂರ ತೊಂಬತ್ತು ಕೂಡಿಸಿದರೆ ಇಸವಿ ಸಿಗುತ್ತದೆ, ೧೯೪೩. ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ನಮ್ಮ ಸೀಮೆಯಲ್ಲಿ ಎಲ್ಲ ಜಾತಿಯವರಿಗೂ ಇದ್ದ ರೂಢಿ. ನಾನು ಹೊರಗೆ ಬಂದು ತಲೆ ಎತ್ತಿ ನನ್ನದೇ ಬೋರ್ಡು ನೋಡಿದೆ. ಎಲೆಗಳ ಸಂದಿಯಲ್ಲಿ, ಅಡ್ಡಡ್ಡ ಮಲಗಿಕೊಂಡು, ರಂಜಾನಬಿ ಇದ್ದಳು. ಇಪ್ಪತ್ತೆರಡು ವರ್ಷ ಅದರ ಕೆಳಗೆ ಕುಳಿತು ಉರ್ದು ಬಲ್ಲೆ ಎಂದು ಮೆರೆದವನು ನಾನು.

ಮಲ್ಲೇಶ ಸಂಜೆ ಶಾಲೆ ಬಿಟ್ಟು ಬಂದ. ಓದಿ ಹೇಳಿದೆ. ಮೊದಲು ನಕ್ಕ, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು. ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿದ ಮೇಲೆ ಕುರ್ಚಿ ಹುಡುಕಿದ.

“ಸಂತ್ಯಾಗ ತಂದಿರಬಹುದಲ್ರಿ. ಹಳೀ ಸಾಮಾನು ಮಾರೋರು ಇರ್ತಾರ.”

“ಇರಬಹುದು. ಕೇಳು.”

“ಯಾರನ್ನ?”

“ಹಂಡೆ ಹಿಂದ ಕುಂತಾಕಿನ್ನ.”

ಅವನು ಪುಟ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದ. ಮೂರು ದಿನ ಬಿಟ್ಟು ಬಂದು ಬೇರೆ ಪುಟ ಕೊಟ್ಟ. ಅದೇ ಕತ್ತಲೆ, ಅದೇ ಕಣ್ಣುಗಳು. ಹಂಡೆಯ ಕೊರಳಿನ ಸುತ್ತ ಮಾತ್ರ ಹಿಂಡಲಕಾಯಿಯ ಬಳ್ಳಿ, ನಿಜವಾದದ್ದು, ಕಾಯಿ ಎಲೆ ಸಮೇತ. ಮಸರಕಲ್ಲಿಗೆ ಹೋಗಿರಲಿಲ್ಲ. ಹೆಡ್‌ಮಾಸ್ತರರಿಗೆ ಹೇಳಿದ್ದ. ಅವರು, “ರಜಾಕಾರರ ಪುಟ ಇರ್ಲಿ, ಅದು ಪಾಠದಾಗ ಅದ. ಹಂಡೆ ಮ್ಯಾಲ ಏನೂ ಬ್ಯಾಡ್ರಿ” ಎಂದಿದ್ದರು. ಸಂಜೀವ ಅವರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ.

ನನಗೆ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಅದು ಬರೀ ಮಲ್ಲೇಶನ ಮೇಲಿನ ಸಿಟ್ಟಾಗಿರಲಿಲ್ಲ. ಗಂಟು ಹೊತ್ತು ನಡೆದ ಅಮ್ಮಿಯ ಕಾಲಿನ ಸಿಟ್ಟೂ ಅದರಲ್ಲಿತ್ತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ತಲೆ ತಗ್ಗಿಸಿ ಅನ್ನಿಸಿಕೊಂಡ. ಕೊನೆಗೆ ಪೆನ್ನು ಕೊಟ್ಟು, “ಅಚ್ಚು ಹಾಕ್ತೀನಿ. ನನಗೇನು. ಆದ್ರ ಈ ಬಳ್ಳಿ ಹೇಳಿದವರು ಯಾರು ಅಂತ ಕೆಳಗ ಬರಿ. ನಿನ್ನ ನಿಯಮ ಅದು” ಎಂದೆ.

ಅವನು ಪೆನ್ನು ತೆಗೆದುಕೊಂಡ. ನಲವತ್ತು ಮಕ್ಕಳ ಮನೆಗೆ ಹೋಗಿ, ನಿಮ್ಮ ಮುತ್ಯಾನ ಹೆಸರು ಹಾಕಿ ಎಂದು ಹಟ ಹಿಡಿದು ಬರೆಸಿದವನು ಅವನು. ಅದರಲ್ಲಿ ಒಬ್ಬ ಹುಡುಗನ ಮುತ್ಯಾ ಬೆಂಕಿ ಹಚ್ಚಿದವರ ಗುಂಪಿನಲ್ಲಿದ್ದ ಎಂಬುದೂ ಇತ್ತು. ಆ ಹುಡುಗ ಅಳುತ್ತಲೇ ಹೆಸರು ಬರೆದಿದ್ದ. ಮಲ್ಲೇಶ ಪೆನ್ನನ್ನು ಮೇಜಿನ ಮೇಲಿಟ್ಟು, “ಐತವಾರ ಮಸರಕಲ್ಲಿಗೆ ಹೋಗ್ತೀನಿ. ನೀವೂ ಬರ್ರಿ. ಒಬ್ಬಂವಗ ಆಗಂಗಿಲ್ಲ” ಎಂದ.

ಅವನ ಬೈಕಿನ ಹಿಂದೆ ಕುಳಿತು ಸಿರವಾರದ ಮೇಲೆ ಹೋದೆವು. ಭತ್ತದ ಗದ್ದೆಗಳಲ್ಲಿ ನಾಟಿ ಮುಗಿದಿತ್ತು.

ಚನ್ನಮಲ್ಲಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿ ಇನ್ನೂ ಚುರುಕು. ನಾನು ಯಾರೆಂದು ಮಲ್ಲೇಶ ಹೇಳಿದ. ಅವನ ಅತ್ತಿಗೆ ಚಹಾ ತಂದಳು. ಮಲ್ಲೇಶ ಮಳೆ, ಬೆಳೆ, ಅಣ್ಣನ ಮಗಳ ಪರೀಕ್ಷೆ ಎಲ್ಲ ವಿಚಾರಿಸಿದ. ನಾನು ಕೆಮ್ಮಿದೆ.

“ಯವ್ವಾ” ಎಂದ, “ನೀ ಹಂಡೆ ಹಿಂದ ಕುಂತಿದ್ದಿ ಅಂತ ಹೇಳಿದ್ದಿಯಲ್ಲ. ಅದು ಯಾರ ಮನಿ ಹಂಡೆ?”

ಅವಳ ಕೈ ನಿಂತಿತು. ಮೊಮ್ಮಗನ ಮುಖವನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು. “ಇಷ್ಟು ವರ್ಷ ಕಥಿ ಹೇಳಿದೆ. ಎಲ್ಲಾರೂ ಹಂಡೆ ಎಷ್ಟು ದೊಡ್ಡದಿತ್ತು ಅಂತ ಕೇಳಿದ್ರಿ. ಯಾರ ಮನಿ ಅಂತ ಒಬ್ಬರೂ ಕೇಳ್ಲಿಲ್ಲ” ಎಂದಳು.

“ಈಗ ಕೇಳಾಕತ್ತೀನಿ.”

“ಹುಸೇನಪೀರನ ಮನಿ. ನಮ್ಮ ಮಗ್ಗಲ ಮನಿ. ನಾ ಅಂಗಳದಾಗ ಆಡಾಕತ್ತಿದ್ದೆ, ಅವ್ವ ಬಾವಿಗೆ ಹೋಗಿದ್ಲು. ಗದ್ಲ ಕೇಳಿ ರಂಜಾನಬಿ ಓಡಿ ಬಂದು ನನ್ನ ರಟ್ಟಿ ಹಿಡದು ಒಳಗ ಎಳಕೊಂಡ್ಲು. ಹಂಡೆ ಹಿಂದ ಕುಂದರ್ಸಿ ಒಲಿ ಬೂದಿ ತಗದು ಮುಖಕ್ಕ ಬಳದ್ಲು. ಅವರು ಬಾಗಿಲಿಗೆ ಬಂದ್ರು. ಅಕಿ ಪಡದೆ ಹಿಂದ ನಿಂತು, ಮನ್ಯಾಗ ಗಂಡಸರಿಲ್ಲ, ನಾ ಒಬ್ಬಾಕಿ ಅದೀನಿ ಅಂದ್ಲು. ಅವರು ಒಳಗ ಬರ್ಲಿಲ್ಲ.”

ಸ್ವಪ್ನಾಳ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮಲ್ಲೇಶ ನನ್ನ ಕಡೆ ನೋಡಲಿಲ್ಲ.

“ಮತ್ತ ಹಂಡೆ ನಮ್ಮ ಮನಿಗೆ ಹ್ಯಾಂಗ ಬಂತು?”

“ಮೂರು ತಿಂಗಳ ಮ್ಯಾಲ ಮಿಲಿಟ್ರಿ ಬಂತು. ಸಾಬರ ಮನಿ ಲೂಟಿ ಆದ್ವು.”

“ಹೊರಗಿನವರು ಬಂದಿದ್ರು ಅಂದಿದ್ದಿ.”

“ಹೊರಗಿನವರೂ ಬಂದಿದ್ರು” ಎಂದಳು ಚನ್ನಮಲ್ಲಮ್ಮ. “ನಮ್ಮಪ್ಪ ಹೊರಗಿನಂವ ಏನು?”

ಅತ್ತಿಗೆ ಚಹಾದ ಲೋಟಗಳನ್ನು ಎತ್ತಲು ಬಂದವಳು ಅಲ್ಲೇ ನಿಂತಳು. ಮುದುಕಿ ತಡೆಯದೆ ಹೇಳುತ್ತ ಹೋದಳು. ಹುಸೇನಪೀರನನ್ನು ಹೊಡೆದು ಕೊಂದರು. ರಂಜಾನಬಿ ಕೂಸನ್ನು ಬಗಲಲ್ಲಿಟ್ಟುಕೊಂಡು ಹೊಳೆಯ ಕಡೆ ಹೋದದ್ದನ್ನು ಇವಳು ಅಟ್ಟದ ಕಿಂಡಿಯಿಂದ ನೋಡಿದಳು. ಆಚೆ ದಂಡೆ ಮುಟ್ಟಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ಅಪ್ಪ ಹಂಡೆಯನ್ನು ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿಟ್ಟ. ದಿನಾ ಆ ಮನೆಗೆ ಮಜ್ಜಿಗೆ ಕೊಟ್ಟು ಬರುತ್ತಿದ್ದ ಅವ್ವ, ಇದು ಎಲ್ಲಿಯದು ಎಂದು ಕೇಳಲಿಲ್ಲ.

“ಅಕಿ ನಿನ್ನ ಬಚ್ಚಿಟ್ಟಿದ್ಲು ಅಂತ ನಿಮ್ಮಪ್ಪಗ ಗೊತ್ತಿತ್ತೇನು?” ಎಂದು ಮಲ್ಲೇಶ ಕೇಳಿದ. ಈ ಪ್ರಶ್ನೆಯನ್ನು ಕೇಳಬಾರದಿತ್ತು ಎಂದು ನನಗೆ ಆಗ ಅನ್ನಿಸಿತು. ಬೈದು ಕರೆತಂದವನು ನಾನೇ ಆದರೂ.

“ಗೊತ್ತಿತ್ತು” ಎಂದಳು. “ಅದಕ್ಕ ಅಂವ ಆ ಹಂಡೆ ನೀರು ಮೈಮ್ಯಾಲ ಹಾಕ್ಕೊಳ್ಳಲಿಲ್ಲ. ಹೊಳಿಗೆ ಹೋಗಿ ಜಳಕ ಮಾಡ್ತಿದ್ದ. ನನ್ನ ಮದುವ್ಯಾಗ ನನಗ ಕೊಟ್ಟು ಕಳಿಸಿದ. ಮನ್ಯಾಗ ಇಟ್ಕೊಳ್ಳಾಕ ಆಗಲಿಲ್ಲ ಅವಗ.” ಅಪ್ಪನನ್ನು ಅವಳು ಬಿಟ್ಟುಕೊಡಲೂ ಇಲ್ಲ, ಕಾಪಾಡಲೂ ಇಲ್ಲ.

ಅತ್ತಿಗೆ ಆಗ ಬಾಯಿ ಬಿಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಹಂಡೆಯನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಲು ಹೋಗಿ ಈ ಮುದುಕಿಯಿಂದ ಬೈಸಿಕೊಂಡದ್ದು, ಅವತ್ತಿನಿಂದ ಅದನ್ನು ಬೇರೆ ಯಾರೂ ಮುಟ್ಟಕೂಡದೆಂದು ಇವಳೇ ಹುಣಸೆಹಣ್ಣು ಹಚ್ಚಿ ಬೆರಳಿನಿಂದ ಮೆಲ್ಲಗೆ ತೊಳೆಯುವುದು, ಎಲ್ಲ ಹೇಳಿದಳು. ಹಂಡೆಯ ಹುಚ್ಚು ಎಂದು ಮನೆಯವರೆಲ್ಲ ನಗುತ್ತಿದ್ದರಂತೆ. ಈಗ ಬಿಡಿಸುತ್ತಿದ್ದ ಹುಣಸೆಹಣ್ಣೂ ಅದಕ್ಕೇ.

“ಅಕ್ಷರ ಸವದು ಹೋಗ್ತಾವಲ್ಲ” ಎಂದಳು ಚನ್ನಮಲ್ಲಮ್ಮ. “ನನಗ ಓದಾಕ ಬರಂಗಿಲ್ಲ. ಅಕಿ ಹೆಸರು ಅಂತ ಗೊತ್ತಿತ್ತು, ಅಕೀನ ಒಮ್ಮಿ ನನ್ನ ಬೆರಳು ಹಿಡದು ತೋರಿಸಿದ್ಲು. ಓದಾಕ ಬರೋರು ಯಾರರ ಬರ್ತಾರ ಅಂತ ಇಟ್ಟಿದ್ದೆ. ಬಚ್ಚಲಕ್ಕ ಯಾರು ಬರ್ತಾರ?” ನನ್ನ ಕಡೆ ತಿರುಗಿದಳು. “ನಿಮಗ ಬರ್ತದೇನ್ರಿ?”

ಬರುತ್ತದೆ ಎಂದೆ. ಅವಳು ಗೋಡೆ ಹಿಡಿದು ಎದ್ದಳು. ಮೂವರೂ ಬಚ್ಚಲಿಗೆ ಹೋದೆವು. ಹಂಡೆ ಒಲೆಯ ಮೇಲೆ ಕುಳಿತಿತ್ತು, ಕೆಳಗೆಲ್ಲ ಮಸಿ, ಕೊರಳಿನ ಸುತ್ತ ಮಾತ್ರ ಬೆಳಕು. ನಾನು ಬಗ್ಗಿ ಬೆರಳಿಟ್ಟು ಓದಿದೆ. ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ಇನ್ನೂ ಒಮ್ಮೆ. ಅವಳ ಕಣ್ಣು ಒಣಗಿಯೇ ಇತ್ತು, ಎಂಬತ್ತಮೂರು ವರ್ಷದ ಕಣ್ಣು, ಅಳುವುದನ್ನು ಯಾವಾಗಲೋ ಮುಗಿಸಿಕೊಂಡಿತ್ತು.

ಹೊರಡುವಾಗ ಮಲ್ಲೇಶ ತನ್ನ ಪುಸ್ತಕದ ವಿಷಯ ಹೇಳಿ, ಇದನ್ನೆಲ್ಲ ಹಾಕಲೇ ಎಂದು ಕೇಳಿದ. “ನಮ್ಮ ಕಾಕಾನ ಕಾಲು ಮುರದದ್ದು ಹಾಕಿಯೇನು?” ಎಂದಳು. ಹಾಕಿದ್ದೇನೆ ಎಂದ. “ಹಂಗಾರ ಇದೂ ಹಾಕು. ನಮ್ಮಪ್ಪನ ಹೆಸರು ಹಾಕು. ಅಕಿ ಹೆಸರು ಅಕಿ ಅಕ್ಷರದಾಗ ಹಾಕು. ಕೂಸು ಉಳಿದಿದ್ರ ಈಗ ಮುದುಕ ಆಗಿರ್ತದ, ಎಲ್ಲೆರ ನೋಡೀತು.”

ಬರುವಾಗ ಸಿರವಾರದಲ್ಲಿ ಮಲ್ಲೇಶ ಬೈಕ್ ನಿಲ್ಲಿಸಿದ. ಎದುರಿಗೆ ಒಂದು ಅಕ್ಕಿ ಗಿರಣಿಯ ಹಳೆಯ ಬೋರ್ಡು, ಬಿಸಿಲಿಗೆ ಬಣ್ಣ ಹೋಗಿತ್ತು. “ಎಲ್ಲಿಂದ ಶುರು ಆಗ್ತದ್ರಿ?” ಎಂದ. ಬಲಗಡೆಯಿಂದ ಎಂದು ತೋರಿಸಿದೆ. ಅವನು ನಿಧಾನವಾಗಿ ಬೆರಳಾಡಿಸುತ್ತ ತನ್ನ ಬಳ್ಳಿಯನ್ನು ಓದಿದ. ಗಿರಣಿಯ ಮಾಲೀಕ ಹೊರಗೆ ಬಂದು, ಏನು ಮಾಸ್ತರ, ಮತ್ತೆ ಬಣ್ಣ ಹಚ್ಚುತ್ತೀಯಾ ಎಂದು ಕೇಳಿದ. ಮಲ್ಲೇಶ ರಸ್ತೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ. ಉತ್ತರ ನಾನೇ ಕೊಡಬೇಕಾಯಿತು.

ಮೊದಲು ಬಿಡಿಸಿದ್ದ ಹಂಡೆಯ ಪುಟವನ್ನೇ ಅಚ್ಚು ಹಾಕಿದೆವು. ಅದರ ಮುಂದೆ ಹೊಸ ಪುಟಗಳು ಬಂದವು. ಬೂದಿ ಬಳಿಯುವ ಕೈ, ಪಡದೆಯ ಹಿಂದಿನ ಕಾಲು, ತಲೆಯ ಮೇಲೆ ಹಂಡೆ ಹೊತ್ತ ಗಂಡಸು. ಆ ಗಂಡಸಿಗೆ ಮಲ್ಲೇಶ ತನ್ನ ಮುಖವನ್ನೇ ಕೊಟ್ಟಿದ್ದ, ಫೋಟೋ ಇಲ್ಲದ್ದರಿಂದ. ಬರಿದಾದ ಓಣಿಯ ಮೇಲಿದ್ದ ‘ಹೊರಗಿನವರು ಬಂದರು’ ಎಂಬ ಸಾಲನ್ನು ಮುಂದುವರಿಸಿ ‘ನಮ್ಮವರೂ ಇದ್ದರು’ ಎಂದು ಬರೆದ. ರಂಜಾನಬಿ ಹೊಳೆಯ ಕಡೆ ಹೋದ ಮೇಲಿನ ಚೌಕ ಖಾಲಿ.

ಸೆಪ್ಟೆಂಬರ್ ಹದಿನೇಳರಂದು ಧ್ವಜ ಹಾರಿತು, ಪೆಪ್ಪರಮೆಂಟು ಹಂಚಿದರು. ಸಂಜೀವ ಅವರು ಪುಸ್ತಕವನ್ನು ಆ ದಿನ ವೇದಿಕೆಯ ಮೇಲೆ ತರಗೊಡಲಿಲ್ಲ. ಮಲ್ಲೇಶ ಜಗಳವಾಡಲಿಲ್ಲ. ಮರುದಿನ ಮೊದಲ ಪಿರಿಯಡ್ಡಿನಲ್ಲಿ ತರಗತಿಗೆ ತೆಗೆದುಕೊಂಡು ಹೋದ. ನನ್ನನ್ನೂ ಕರೆದಿದ್ದ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದೆ. ಹೆಡ್‌ಮಾಸ್ತರರು ಬಂದು ಬಾಗಿಲಲ್ಲಿ ನಿಂತರು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮಲ್ಲೇಶ ತನ್ನ ಪುಟಗಳನ್ನು ಓದಿದ. ಕೊನೆಗೆ, “ಹೇಳಿದವರು ಚನ್ನಮಲ್ಲಮ್ಮ, ನಮ್ಮ ಅಜ್ಜಿ. ಹಂಡೆ ಹೊತ್ತು ತಂದವರು ಅವರ ತಂದಿ, ನಮ್ಮ ಮುತ್ತಜ್ಜ” ಎಂದು ಹೆಸರು ಹೇಳಿದ. ಶಾಕಿರ್ ಪುಟದ ಮೇಲೆ ಬಾಗಿ ಉರ್ದು ಅಕ್ಷರಗಳನ್ನು ಪಕ್ಕದವನಿಗೆ ಓದಿ ಹೇಳುತ್ತಿದ್ದ. ಆ ಪಕ್ಕದವನು ಅವತ್ತು ಗುಂಡಿ ಕಿತ್ತವನೇ.

ಸ್ವಪ್ನಾ ಎದ್ದು ನಿಂತಳು. “ಸರ್, ಬಚ್ಚಲ ಯಾಕ ನೋಡ್ಲಿಲ್ಲ ಅಂತ ಈಗ ತಿಳೀತು” ಎಂದಳು. ಕೂರಲು ಹೋಗಿ ಮತ್ತೆ ನಿಂತು, “ನಿಮಗ ಬರಿಯಾಕ ತ್ರಾಸ ಆಗ್ಲಿಲ್ಲೇನ್ರಿ?” ಎಂದು ಕೇಳಿದಳು.

“ಆತು” ಎಂದ ಮಲ್ಲೇಶ. “ಮೊದ್ಲ ಸುಳ್ಳು ಬಳ್ಳಿ ಬಿಡಿಸಿದ್ದೆ.” ಚೀಲದಿಂದ ಆ ಪುಟವನ್ನೂ ತೆಗೆದು ತೋರಿಸಿದ. ಅದನ್ನು ತೋರಿಸುತ್ತಾನೆಂದು ನಾನು ಎಣಿಸಿರಲಿಲ್ಲ.

ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ನನ್ನ ಪ್ರತಿಯನ್ನು ಕೈಗಿಟ್ಟ. ಪುಸ್ತಕದ ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕವಿದೆ, ಓದಿದವರು ತಮ್ಮ ಮನೆಯದನ್ನು ಬಿಡಿಸಲಿ ಎಂದು. ನನ್ನ ಪ್ರತಿಯಲ್ಲಿ ಅದರ ಕೆಳಗೆ ಪೆನ್ಸಿಲಿನಿಂದ ಬರೆದಿದ್ದ, ‘ಹೇಳಿದವರು: ಕಲೀಮುಲ್ಲಾ ಅವರ ತಾಯಿ’. ಆ ಕತ್ತರಿಸಿದ ಫೋಟೋದ ಮಾತನ್ನು ಎಂದೋ ಒಮ್ಮೆ ಅವನಿಗೆ ಹೇಳಿದ್ದೆ. ಮರೆತಿದ್ದಾನೆ ಎಂದುಕೊಂಡಿದ್ದೆ.

ಅದಾದ ಮೇಲೆ ಮೂರು ಸಲ ರಾಯಚೂರಿಗೆ ಹೋಗಿದ್ದೇನೆ. ನಾನಾ ಮಾಮೂಲಿ ಬಟ್ಟೆ ಹಾಕಿಕೊಂಡು ಆ ಫೋಟೋಕ್ಕೆ ನಿಂತಿದ್ದರೋ ಸಮವಸ್ತ್ರ ಹಾಕಿಕೊಂಡೋ, ಅದನ್ನು ಕತ್ತರಿಸಿದವರು ಯಾರು, ಸೆಪ್ಟೆಂಬರಿಗೆ ಮೊದಲು ನಮ್ಮ ಮನೆಯಲ್ಲಿ ಏನು ನಡೆದಿತ್ತು ಎಂದು ಕೇಳುವುದಕ್ಕೆ. ಮೂರು ಸಲವೂ ಅಮ್ಮಿಯ ಸಕ್ಕರೆ ಕಾಯಿಲೆ ವಿಚಾರಿಸಿ, ಚಹಾ ಕುಡಿದು ವಾಪಸು ಬಂದಿದ್ದೇನೆ. ಅವಳಿಗೆ ಎಂಬತ್ತೈದು. ಫೋಟೋ ಅವಳ ಮಂಚದ ಎದುರಿಗೇ ಇದೆ. ಬಾಯಿ ಮಾಡಿದವನು ನಾನು, ಧೈರ್ಯ ಮಾಡಿದವನು ಅವನು.

ನಿನ್ನೆ ಸಂಜೆ ಮಲ್ಲೇಶ ಪ್ರೆಸ್ಸಿಗೆ ಬಂದಿದ್ದ. ಹೋಗಿದ್ದಿರಾ ಎಂದು ಕೇಳಿದ. ಹೋಗಿದ್ದೆ ಎಂದೆ. ಕೇಳಿದಿರಾ ಎಂದ. ನಾನು ಕಾಗದ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. ನಾನು ಅವನಿಗೆ ಅಂದದ್ದರಲ್ಲಿ ಕಾಲುಭಾಗವನ್ನು ಅವನು ನನಗೆ ಅಂದಿದ್ದರೂ ಲೆಕ್ಕ ತೀರುತ್ತಿತ್ತು. ಅವನು ಒಂದು ಮಾತೂ ಆಡಿ ತೋರಿಸಲಿಲ್ಲ.

“ಐತವಾರ ಹೋಗೂಣ್ರಿ” ಎಂದ. “ನಮ್ಮ ಅಜ್ಜಿ ಮುಂದ ನೀವು ಕುಂತಿದ್ರಿ. ನಿಮ್ಮ ಅಮ್ಮಿ ಮುಂದ ನಾ ಕೂಡ್ತೀನಿ.”